ಚೀನಾ ಪ್ರವಾಸಕ್ಕೆ ಹಲಾಲ್ ಊಟವೊಂದೇ ಸಾಕೇ?

ಶಿಕ್ಷಣದ ಮಹತ್ವದ ಕುರಿತು ಮಾತನಾಡಲು ವೇದಿಕೆಯೇರುವ ನಮ್ಮ ಭಾಷಣಕಾರರಲ್ಲಿ ಹೆಚ್ಚಿನವರು ಚೀನಾವನ್ನು ನೆನಪಿಸಿಕೊಳ್ಳದೆ ಕೆಳಗಿಳಿಯುವುದಿಲ್ಲ. ಚೀನಾದಷ್ಟು ದೂರ ಹೋಗಬೇಕಾಗಿ ಬಂದರೂ ಜ್ಞಾನವನ್ನು ಅರಸಬೇಕೆಂಬ ಅರ್ಥದ ಮಾತೊಂದನ್ನು ಪ್ರವಾದಿವರ್ಯರ(ಸ) ಹೆಸರಿನಲ್ಲಿ ಉಲ್ಲೇಖಿಸಲಾಗುತ್ತದೆ. ಹದೀಸ್ ವಿದ್ವಾಂಸರು ಈ ವರದಿಯನ್ನು ಪ್ರಬಲವೆಂದು ಒಪ್ಪಿಲ್ಲ. ಇಬ್ನುಲ್ ಜೌಝಿಯವರಂತೂ ಇದನ್ನು ಕೃತಕ ಹದೀಸ್‌ಗಳ ಸಾಲಿಗೆ ಸೇರಿಸಿದ್ದಾರೆ. ಆದರೆ ಭೂಮಿಯಲ್ಲಿ ಸಂಚರಿಸಿ, ಹಿಂದಿನ ಜನಾಂಗಗಳ ಗತಿಯೇನಾಯಿತೆಂಬುದನ್ನು ಕಣ್ಣಾರೆ ಕಾಣಬೇಕೆಂದು ಕುರ್‌ಆನ್ ಒಂದಕ್ಕಿಂತ ಹೆಚ್ಚು ಕಡೆ ಕರೆ ನೀಡಿದೆ. ಪ್ರವಾಸ ಹೊರಡಲು ಆ ಕರೆಯೇ ಧಾರಾಳವಾಯಿತು, ದುರ್ಬಲ ವರದಿಯ ಊರುಗೋಲು ಬೇಕಾಗಿಲ್ಲ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. 2020ರಲ್ಲಿ ನಿಂತುಹೋಗಿದ್ದ ಭಾರತ-ಚೀನಾ ನೇರ ವಿಮಾನ ಸಂಚಾರವು 2025ರ ಅಕ್ಟೋಬರ್ 26ರಂದು ಕೊಲ್ಕತ್ತಾ-ಗುವಾಂಗ್‌ಝೌ ವಿಮಾನದೊಂದಿಗೆ ಪುನರಾರಂಭಗೊಂಡಿತು. ಭಟ್ಕಳ, ಮಂಗಳೂರು, ಬೆಂಗಳೂರುಗಳ ನಮ್ಮ ವ್ಯಾಪಾರಿಗಳಿಗೆ ಗುವಾಂಗ್‌ಝೌ ಮತ್ತು ಈವೂ ನಗರಗಳು ಹೊಸತೇನೂ ಅಲ್ಲ. ಸರಕು ತರಲು ಅವರು ಹೋಗಿ ಬರುತ್ತಲೇ ಇದ್ದಾರೆ. ಈಗ ಕುಟುಂಬಗಳ ಸರದಿ. ಉಮ್ರಾ ಮುಗಿಸಿ, ದುಬೈ ನೋಡಿ, ತುರ್ಕಿ ಮತ್ತು ಮಲೇಶ್ಯಾಗಳನ್ನೂ ಕಂಡವರು ಮುಂದಿನ ಹೆಸರಾಗಿ ಚೀನಾವನ್ನು ಎತ್ತುತ್ತಿದ್ದಾರೆ. ಟ್ರಾವೆಲ್ಸ್‌ನವರ ಕರಪತ್ರಗಳಲ್ಲಿ ‘ಮುಸ್ಲಿಮ್ ಸ್ನೇಹಿ ಪ್ರವಾಸ’ ಎಂಬ ಪದವೂ ಕಾಣಿಸಿಕೊಳ್ಳುತ್ತಿದೆ. ಹಲಾಲ್ ಊಟ, ನಮಾಝ್‌ಗೆ ಬಿಡುವು, ಹಂದಿ ಮಾಂಸವಿಲ್ಲದ ಹೋಟೆಲು- ಇಷ್ಟಿದ್ದರೆ ಅದು ಮುಸ್ಲಿಮ್ ಸ್ನೇಹಿ. ಇವೆಲ್ಲ ಬೇಕು, ಸಂಶಯವಿಲ್ಲ. ಆದರೆ ಯಾವ ದೇಶದಲ್ಲಿ ಕೋಟಿಗಟ್ಟಲೆ ಮುಸ್ಲಿಮರು ಬದುಕುತ್ತಿದ್ದಾರೋ ಆ ದೇಶಕ್ಕೆ ಹೋಗಿ, ಅವರ ಇತಿಹಾಸವನ್ನೂ ಇಂದಿನ ಸ್ಥಿತಿಯನ್ನೂ ಕಾಣದೆ, ಹಲಾಲ್ ತಟ್ಟೆಯೊಂದನ್ನೇ ಕಂಡು ಮರಳುವ ಪ್ರವಾಸವನ್ನು ಯಾವ ಅರ್ಥದಲ್ಲಿ ಮುಸ್ಲಿಮ್ ಸ್ನೇಹಿ ಎನ್ನಬೇಕು? ಅದು ಪ್ರವಾಸಿಯ ಹೊಟ್ಟೆಗೆ ಸ್ನೇಹಿ, ಅಷ್ಟೆ.

ಮೊದಲು ಕಾಲದ ವಿಚಾರ. ವಸಂತವೇ ಸೂಕ್ತ. 2026 ಮತ್ತು 2027ರಲ್ಲಿ ರಮಝಾನ್ ಮಾರ್ಚ್ ಮೂರನೆಯ ವಾರದೊಳಗೆ ಮುಗಿಯುವುದರಿಂದ ಎಪ್ರಿಲ್ ತಿಂಗಳು ಉಪವಾಸಿಗರಿಗೆ ಮುಕ್ತವಾಗಿದೆ. ನಮ್ಮ ಮಕ್ಕಳ ಬೇಸಗೆ ರಜೆಯೂ ಆಗಲೇ ಬರುತ್ತದೆ. ಆದರೆ ಚೀನೀಯರಿಗೂ ಅದೇ ಪ್ರವಾಸದ ಕಾಲ ಎಂಬುದನ್ನು ಮರೆಯಬಾರದು. ಎಪ್ರಿಲ್ 4 ಅಥವಾ 5ರಂದು ಅವರು ಪೂರ್ವಜರ ಗೋರಿಗಳನ್ನು ಶುಚಿಗೊಳಿಸುವ ಚಿಂಗ್‌ಮಿಂಗ್ ಹಬ್ಬದ ರಜೆ, ಮೇ ಒಂದರಿಂದ ಕಾರ್ಮಿಕ ದಿನದ ರಜೆ. ಈ ಎರಡು ಅವಧಿಗಳಲ್ಲಿ ರೈಲಿನಲ್ಲಿ ಆಸನ ಸಿಗುವುದೂ ಕಷ್ಟ, ಐತಿಹಾಸಿಕ ಸ್ಥಳಗಳಲ್ಲಿ ಕಾಲಿಡುವುದೂ ಕಷ್ಟ. ಗುವಾಂಗ್‌ಝೌವಿನ ಪ್ರಸಿದ್ಧ ಕ್ಯಾಂಟನ್ ವ್ಯಾಪಾರ ಮೇಳದ ವಸಂತ ಅಧಿವೇಶನವು ಎಪ್ರಿಲ್ 15ಕ್ಕೆ ತೊಡಗಿ ಮೇ 5ರ ವರೆಗೆ ನಡೆಯುವುದರಿಂದ ಆ ನಗರದ ಹೋಟೆಲು ದರಗಳು ಆಗ ಗಗನಕ್ಕೇರುತ್ತವೆ. ಆದ್ದರಿಂದ ಎಪ್ರಿಲ್ ಎರಡನೆಯ ವಾರದಲ್ಲಿ ದಕ್ಷಿಣದಿಂದ ಆರಂಭಿಸಿ, ತಿಂಗಳು ಮುಗಿಯುವುದರೊಳಗೆ ಉತ್ತರವನ್ನು ಸೇರುವುದು ಜಾಣತನ. ದಕ್ಷಿಣದಲ್ಲಿ ಮಳೆಗೆ ಕೊಡೆ ಬೇಕು, ಬೀಜಿಂಗಿನಲ್ಲಿ ಧೂಳುಗಾಳಿಗೆ ಮುಖವಸ್ತ್ರ ಬೇಕು. ನಡುವೆ ಲುವೊಯಾಂಗ್ ನಗರದಲ್ಲಿ ಪಿಯೋನಿ ಹೂವುಗಳು ಅರಳುವ ಕಾಲವೂ ಅದೇ.

ಗುವಾಂಗ್‌ಝೌವಿನಿಂದ ಆರಂಭಿಸುವವರು ಹುವಾಯ್‌ಶೆಂಗ್ ಮಸೀದಿಯನ್ನು ಕಾಣದೆ ಮುಂದೆ ಹೋಗಬಾರದು. ಅದರ ದುಂಡನೆಯ, ಸುಣ್ಣ ಬಳಿದ ಮಿನಾರ ಸುಮಾರು 36 ಮೀಟರ್ ಎತ್ತರವಿದೆ. ಪ್ರವಾದಿವರ್ಯರ(ಸ) ಅನುಚರರಾದ ಸಅದ್ ಬಿನ್ ಅಬೀ ವಕ್ಕಾಸ್(ರ) ಇದನ್ನು ಕಟ್ಟಿಸಿದರು, ಅವರ ಗೋರಿಯೂ ಇದೇ ನಗರದಲ್ಲಿದೆ ಎಂದು ಅಲ್ಲಿನ ಮಾರ್ಗದರ್ಶಿಗಳು ಹೇಳುವರು. ಭಕ್ತಿಯಿಂದ ಕಣ್ಣೀರು ಹಾಕುವ ಪ್ರವಾಸಿಗರೂ ಇದ್ದಾರೆ. ಆದರೆ ಸಅದ್(ರ) ಮದೀನಾದ ಸಮೀಪ ನಿಧನರಾಗಿ ಬಕೀಅ್‌ನಲ್ಲಿ ದಫನಗೊಂಡರೆಂದು ನಮ್ಮ ಚರಿತ್ರೆಯ ಗ್ರಂಥಗಳೇ ಸ್ಪಷ್ಟವಾಗಿ ಹೇಳುತ್ತವೆ. ಒಬ್ಬ ಮಹನೀಯರಿಗೆ ಊರಿಗೊಂದು ಗೋರಿ ಕಟ್ಟುವ ಅಭ್ಯಾಸ ನಮ್ಮಲ್ಲಿಗೆ ಮಾತ್ರ ಸೀಮಿತವಲ್ಲವೆಂದು ಇದರಿಂದ ತಿಳಿಯಬಹುದು. ನಿಜವಾದ ಇತಿಹಾಸವೇನೂ ಇದಕ್ಕಿಂತ ಸಣ್ಣದಲ್ಲ. ಖಲೀಫಾ ಉಸ್ಮಾನ್(ರ)ರ ಕಾಲದಲ್ಲಿ, ಕ್ರಿ.ಶ. 651ರಲ್ಲಿ, ಅರಬರ ರಾಯಭಾರಿಗಳು ತಾಂಗ್ ದೊರೆಯ ಆಸ್ಥಾನಕ್ಕೆ ಬಂದುದನ್ನು ಚೀನೀ ಇತಿಹಾಸಕಾರರೇ ದಾಖಲಿಸಿದ್ದಾರೆ. ಆ ಬಳಿಕ ಸೈನ್ಯವಾಗಲಿ ಆಕ್ರಮಣವಾಗಲಿ ಇಲ್ಲದೆ, ಹಡಗಿನಲ್ಲಿ ಬಂದ ವರ್ತಕರ ಮೂಲಕ ಇಸ್ಲಾಮ್ ಈ ಬಂದರುಗಳಲ್ಲಿ ಬೇರೂರಿತು. ನಮ್ಮ ಕರಾವಳಿಯ ಕಥೆಯೂ ಇದೇ ಅಲ್ಲವೇ?

ಈ ಹೋಲಿಕೆ ಬರಿಯ ಮಾತಿನ ಚಮತ್ಕಾರವಲ್ಲ. ಚುವಾನ್‌ಝೌ ಬಂದರನ್ನು ಅರಬರು ಝೈತೂನ್ ಎಂದು ಕರೆಯುತ್ತಿದ್ದರು. ಅಲ್ಲಿನ ಕಲ್ಲಿನ ಮಸೀದಿಯು ಹಿಜರಿ 400ರಲ್ಲಿ, ಅಂದರೆ ಕ್ರಿ.ಶ. 1009-10ರಲ್ಲಿ, ಕಟ್ಟಲ್ಪಟ್ಟಿತೆಂದೂ 1310ರ ಸುಮಾರಿಗೆ ದುರಸ್ತಿಗೊಂಡಿತೆಂದೂ ಅದರ ಗೋಡೆಯ ಅರಬಿ ಶಾಸನ ಹೇಳುತ್ತದೆ. ಮೇಲ್ಛಾವಣಿ ಕುಸಿದಿದೆ, ಎತ್ತರದ ಕಲ್ಲಿನ ಮಹಾದ್ವಾರ ಉಳಿದಿದೆ. ಯುನೆಸ್ಕೋ 2021ರಲ್ಲಿ ಈ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿ ಇಬ್ನು ಬತೂತ 1340ರ ದಶಕದಲ್ಲಿ ಚೀನಾ ತಲುಪಿದ್ದು ಇದೇ ಬಂದರಿನ ಮೂಲಕ. ದೆಹಲಿಯ ಮುಹಮ್ಮದ್ ಬಿನ್ ತುಘಲಕ್‌ನ ರಾಯಭಾರಿಯಾಗಿ ಹೊರಟ ಆತ ದಾರಿಯಲ್ಲಿ ನಮ್ಮ ಹೊನ್ನಾವರ, ಮಂಗಳೂರುಗಳನ್ನು ಹಾದು ಕಲ್ಲಿಕೋಟೆಗೆ ಹೋಗಿ, ಅಲ್ಲಿ ಚೀನೀ ಹಡಗುಗಳನ್ನು ಕಂಡಿದ್ದ. ಚೀನಾದ ವೈಭವವನ್ನು ಬಹಳ ಮೆಚ್ಚಿಯೂ ಆತ ಅಲ್ಲಿ ಮನಸ್ಸಿಗೆ ನೆಮ್ಮದಿಯಿಲ್ಲದೆ ಮನೆಯೊಳಗೇ ಉಳಿಯುತ್ತಿದ್ದನಂತೆ. ಮುಸ್ಲಿಮರನ್ನು ಕಂಡಾಗ ಮಾತ್ರ ತನ್ನ ಬಂಧುಬಳಗವನ್ನೇ ಕಂಡಷ್ಟು ಸಂತೋಷವಾಗುತ್ತಿತ್ತೆಂದು ಹೇಳಿಕೊಂಡಿದ್ದಾನೆ. ಅಲ್ಲಿ ಆತನಿಗೆ ಸಿಕ್ಕಿದವರಲ್ಲಿ ಮೊರೊಕ್ಕೊ ಕಡೆಯ ಸಬ್ತಾ ಊರಿನ ಒಬ್ಬ ವಿದ್ವಾಂಸನೂ ಇದ್ದ. ಕೆಲವು ವರ್ಷಗಳ ನಂತರ ಸಹಾರಾ ಮರುಭೂಮಿಯ ಅಂಚಿನಲ್ಲಿ ಅದೇ ವಿದ್ವಾಂಸನ ಸಹೋದರನ ಮನೆಯಲ್ಲಿ ಆತ ಅತಿಥಿಯಾದ. ಉಮ್ಮತ್ ಎಂಬ ಪದಕ್ಕೆ ಅಂದು ಇಷ್ಟು ಪ್ರತ್ಯಕ್ಷವಾದ ಅರ್ಥವಿತ್ತು.

ಹಾಂಗ್‌ಝೌವಿನಲ್ಲಿ ಸರೋವರದ ದಂಡೆಯನ್ನು ಎಲ್ಲರೂ ನೋಡುತ್ತಾರೆ. ಯುವಾನ್ ವಂಶದ ಕಾಲದಲ್ಲಿ ಪುನರ್ನಿರ್ಮಿಸಲ್ಪಟ್ಟ ಅಲ್ಲಿನ ಫೀನಿಕ್ಸ್ ಮಸೀದಿಯಲ್ಲಿ ಒಂದು ಹೊತ್ತಿನ ನಮಾಝ್ ನಿರ್ವಹಿಸಿ ನಾನ್‌ಜಿಂಗ್‌ಗೆ ಹೋಗಬಹುದು. ಕಲ್ಲಿಕೋಟೆಗೂ ಅದರಾಚೆಗೂ 1405ರಿಂದ 1433ರ ವರೆಗೆ ಏಳು ನೌಕಾಯಾತ್ರೆಗಳನ್ನು ನಡೆಸಿದ ಝೆಂಗ್ ಹೆ ಯುನ್ನಾನ್ ಪ್ರಾಂತದ ಮುಸ್ಲಿಮ್ ಮನೆತನದವನು. ಅವನ ತಂದೆ, ತಾತ ಇಬ್ಬರನ್ನೂ ಹಾಜಿಗಳೆಂದೇ ಕರೆಯುತ್ತಿದ್ದರು. ನಾನ್‌ಜಿಂಗ್‌ನಲ್ಲಿ ಅವನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಜಿಂಗ್‌ಜ್ಯುಯೆ ಮಸೀದಿ ಇದೆ. ಆದರೆ ಆ ನಗರದಲ್ಲಿ ನಮಗೆ ಹೆಚ್ಚು ಮುಖ್ಯನಾಗಬೇಕಾದವನು ಲಿಯು ಝಿ. ಹದಿನೇಳು-ಹದಿನೆಂಟನೆಯ ಶತಮಾನದ ಈ ವಿದ್ವಾಂಸ ಅರಬಿ, ಫಾರ್ಸಿ ಗ್ರಂಥಗಳನ್ನು ಅರಗಿಸಿಕೊಂಡು, ಕನ್‌ಫ್ಯೂಷಿಯಸ್‌ನ ಅನುಯಾಯಿಗಳಿಗೆ ಅರ್ಥವಾಗುವ ಚೀನೀ ಭಾಷೆಯಲ್ಲಿ ಇಸ್ಲಾಮಿನ ಸಿದ್ಧಾಂತ, ಆಚಾರ ಹಾಗೂ ಪ್ರವಾದಿ ಚರಿತ್ರೆಯನ್ನು ಬರೆದ. ಧರ್ಮವನ್ನು ಕನ್ನಡದಲ್ಲಿ ಹೇಳಿದರೆ ಅದರ ಗೌರವ ಕಡಿಮೆಯಾಗುವುದೆಂದು ಶಂಕಿಸುವವರು ನಮ್ಮ ನಡುವೆ ಇಂದಿಗೂ ಇದ್ದಾರೆ. ಅವರು ನಾನ್‌ಜಿಂಗ್‌ನಲ್ಲಿರುವ ಲಿಯು ಝಿಯ ಗೋರಿಯ ಬಳಿ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

ಇನ್ನು ಕೈಫೆಂಗ್. ಟ್ರಾವೆಲ್ಸ್‌ನವರು ಸಾಮಾನ್ಯವಾಗಿ ಬಿಟ್ಟುಬಿಡುವ ಈ ಹಳೆಯ ರಾಜಧಾನಿಗೆ ಕುಟುಂಬ ಸಮೇತ ಹೋಗಲೇಬೇಕೆಂಬುದು ನನ್ನ ಆಗ್ರಹ. ಹೆನಾನ್ ಪ್ರಾಂತದ ಈ ನಗರದಲ್ಲಿ ಸ್ತ್ರೀಯರದೇ ಆದ ಮಸೀದಿಗಳಿವೆ. ಪುರುಷರ ಮಸೀದಿಯ ಹಿಂಬದಿಯ ಒಂದು ಕೋಣೆಯಲ್ಲ, ಪರದೆ ಹಾಕಿದ ಒಂದು ಮೂಲೆಯೂ ಅಲ್ಲ. ತಮ್ಮದೇ ಹೆಬ್ಬಾಗಿಲು, ತಮ್ಮದೇ ಅಂಗಳ, ವುಝೂ ಮತ್ತು ಸ್ನಾನದ ತಮ್ಮದೇ ವ್ಯವಸ್ಥೆ, ತಮ್ಮದೇ ಧರ್ಮಗುರು ಇರುವ ಮಸೀದಿಗಳು. ವಾಂಗ್‌ಜಿಯಾ ಓಣಿಯ ಸ್ತ್ರೀಯರ ಮಸೀದಿ 1820ರಷ್ಟು ಹಳೆಯದು. ಚೀನೀ ಮುಸ್ಲಿಮರು ಧರ್ಮಗುರುವನ್ನು ‘ಅಹೊಂಗ್’ ಎನ್ನುತ್ತಾರೆ. ಅದು ಫಾರ್ಸಿಯ ‘ಆಖೂಂದ್’ನಿಂದ ಬಂದ ಪದ. ಸ್ತ್ರೀಯರ ಮಸೀದಿಯ ಹೊಣೆ ಹೊತ್ತವಳು ‘ನ್ಯು ಅಹೊಂಗ್’. ಅವಳು ಹೆಂಗಸರಿಗೆ ಕುರ್‌ಆನ್ ಕಲಿಸುತ್ತಾಳೆ, ಶುದ್ಧಿಯ ನಿಯಮಗಳನ್ನು ತಿಳಿಸುತ್ತಾಳೆ, ಸ್ತ್ರೀಯರ ಮಯ್ಯಿತ್ ಸ್ನಾನ ಮಾಡಿಸುತ್ತಾಳೆ, ನಮಾಝ್‌ನಲ್ಲಿ ಅವರ ಸಾಲಿನ ನಡುವೆಯೇ ನಿಂತು ಮಾರ್ಗದರ್ಶನ ನೀಡುತ್ತಾಳೆ. ಪುರುಷರಿಗೆ ಅವಳು ಇಮಾಮತ್ ಮಾಡುವುದಿಲ್ಲ, ಅಂತಹ ಹಕ್ಕನ್ನೂ ಕೇಳಿಲ್ಲ. ಹೆಣ್ಣುಮಕ್ಕಳ ಧಾರ್ಮಿಕ ಪಾಠಶಾಲೆಗಳಾಗಿ ಆರಂಭವಾದವುಗಳೇ ಕ್ರಮೇಣ ಮಸೀದಿಗಳಾಗಿ ಬೆಳೆದವು. ಸುತ್ತಲಿನ ಬಹುಸಂಖ್ಯಾತ ಸಮಾಜದಲ್ಲಿ ಕರಗಿಹೋಗದೆ ಉಳಿಯಬೇಕಾದರೆ ತಾಯಂದಿರು ಧರ್ಮವನ್ನು ಬಲ್ಲವರಾಗಿರಬೇಕೆಂಬುದನ್ನು ಆ ಸಮುದಾಯ ಬಹಳ ಹಿಂದೆಯೇ ಅರಿತಿತ್ತು.

ನಮ್ಮಲ್ಲಿ ಏನಾಗುತ್ತಿದೆ? ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಒಂದು ಕುಟುಂಬ ಅಸರ್ ನಮಾಝ್‌ಗೆಂದು ದಾರಿಬದಿಯ ಮಸೀದಿಯ ಮುಂದೆ ಕಾರು ನಿಲ್ಲಿಸುತ್ತದೆ. ಗಂಡಸರು ಒಳಗೆ ಹೋಗಿ ಬರುತ್ತಾರೆ. ತಾಯಿ, ಹೆಂಡತಿ, ಮಗಳು ಕಾರಿನಲ್ಲೇ ಕುಳಿತಿರುತ್ತಾರೆ. ಅವರ ನಮಾಝ್ ಏನಾಯಿತೆಂದು ಯಾರೂ ಕೇಳುವುದಿಲ್ಲ. ನಮಾಝ್‌ಗಾಗಿ ಸ್ತ್ರೀಯರು ಮಸೀದಿ ಪ್ರವೇಶಿಸಲು ಧರ್ಮದ ಅಡ್ಡಿಯಿಲ್ಲವೆಂದು ಮುಸ್ಲಿಮ್ ಪರ್ಸನಲ್ ಲಾ ಬೋರ್ಡ್ 2020ರಲ್ಲಿ ಸುಪ್ರೀಮ್ ಕೋರ್ಟಿಗೇ ತಿಳಿಸಿದೆ. ಪ್ರವಾದಿವರ್ಯರ(ಸ) ಮಸೀದಿಯಲ್ಲಿ ಸ್ತ್ರೀಯರು ಜಮಾಅತ್‌ನಲ್ಲಿ ಪಾಲ್ಗೊಳ್ಳುತ್ತಿದ್ದರೆಂಬುದನ್ನು ಯಾವ ವಿದ್ವಾಂಸರೂ ಅಲ್ಲಗಳೆಯಲಾರರು. ಆದರೂ ಎಷ್ಟು ಮಸೀದಿಗಳ ಆಡಳಿತ ಸಮಿತಿಗಳು ಒಂದು ವುಝೂ ಕೋಣೆಯನ್ನಾದರೂ ಅವರಿಗಾಗಿ ಕಟ್ಟಿವೆ? ಇದು ನಮ್ಮ ನೆಲಕ್ಕೆ ಅಪರಿಚಿತವಾದ ಬೇಡಿಕೆಯೂ ಅಲ್ಲ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು ಮತ್ತು ಗಂಡುಮಕ್ಕಳಿಗೆ ಇಪ್ಪತ್ತಮೂರು ಪಾಠಶಾಲೆಗಳನ್ನು ಕಂಡೆನೆಂದೂ, ಅಲ್ಲಿನ ಸ್ತ್ರೀಯರು ಕುರ್‌ಆನನ್ನು ಕಂಠಪಾಠ ಮಾಡಿದವರೆಂದೂ ಅದೇ ಇಬ್ನು ಬತೂತ ಬರೆದಿದ್ದಾನೆ. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಕರಾವಳಿಯಲ್ಲಿದ್ದುದನ್ನು ನೋಡಲು ಇಪ್ಪತ್ತೊಂದನೆಯ ಶತಮಾನದಲ್ಲಿ ಚೀನಾಕ್ಕೆ ಹೋಗಬೇಕಾಗಿ ಬಂದಿದೆ. ಹಾಗಾದರೂ ಸರಿ, ಹೋಗಬೇಕು. ಜಮಾಅತ್ ಸಮಿತಿಯ ಅಧ್ಯಕ್ಷರು, ಕಾರ್ಯದರ್ಶಿಗಳು ಪತ್ನಿಯರೊಂದಿಗೆ ಹೋದರೆ ಇನ್ನೂ ಉತ್ತಮ. ಪತ್ನಿಯರು ಒಳಗೆ ಹೋಗಿ ಬರುವ ವರೆಗೆ ಈ ಸಲ ಗಂಡಸರು ಹೊರಗೆ ಕಾಯಲಿ.

ಕೈಫೆಂಗ್‌ನಿಂದ ಲುವೊಯಾಂಗ್ ಮಾರ್ಗವಾಗಿ ಶೀಆನ್. ಹಿಂದೆ ಚಾಂಗ್‌ಆನ್ ಎಂಬ ಹೆಸರಿನಿಂದ ರೇಷ್ಮೆ ದಾರಿಯ ಪೂರ್ವದ ಕೊನೆಯಾಗಿದ್ದ ಈ ನಗರದಲ್ಲಿ ಎರಡು ದಿನಗಳಿಗೆ ಕಡಿಮೆ ತಂಗುವುದು ಅನ್ಯಾಯ. ಮಣ್ಣಿನ ಸೈನಿಕರನ್ನು ಎಲ್ಲರೂ ನೋಡುತ್ತಾರೆ. ಅವರನ್ನು ಬೆಳಿಗ್ಗೆಯೇ ಮುಗಿಸಿ ಝುಹ್ರ್ ಹೊತ್ತಿಗೆ ಹಳೆಯ ಕೋಟೆಯೊಳಗಿನ ಮುಸ್ಲಿಮ್ ಕೇರಿಗೆ ಬಂದರೆ, ಮಹಾ ಮಸೀದಿಯಲ್ಲಿ ಜಮಾಅತ್ ಸಿಗುತ್ತದೆ. ಕ್ರಿ.ಶ. 742ರಲ್ಲಿ ಸ್ಥಾಪನೆಯಾಯಿತೆಂಬುದು ಅಲ್ಲಿನ ಪರಂಪರೆಯ ನಂಬಿಕೆ. ಈಗಿರುವ ವಿನ್ಯಾಸ ಮಿಂಗ್ ವಂಶದ ಕಾಲದ್ದು, 1392ರದ್ದೆಂದು ಹೇಳಲಾಗುತ್ತದೆ. ಚೀನಾದ ಅರಮನೆಗಳೂ ದೇವಾಲಯಗಳೂ ದಕ್ಷಿಣಕ್ಕೆ ಮುಖ ಮಾಡಿದರೆ ಇದು ಪೂರ್ವದಿಂದ ಪಶ್ಚಿಮಕ್ಕೆ, ಕಿಬ್ಲಾದ ಕಡೆಗೆ, ಅಂಗಳದ ಹಿಂದೆ ಅಂಗಳವಾಗಿ ಸುಮಾರು ಕಾಲು ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿದೆ. ಗುಮ್ಮಟವಿಲ್ಲ. ಬಾಗಿದ ಅಂಚಿನ ಹಂಚಿನ ಮಾಡು, ಮರದ ಕಂಬಗಳು, ಮಿನಾರದ ಸ್ಥಾನದಲ್ಲಿ ಎಂಟು ಮೂಲೆಗಳ ಒಂದು ಮರದ ಗೋಪುರ. ಒಳಗಿನ ಮರದ ಹಲಗೆಗಳ ಮೇಲೆ ಕುರ್‌ಆನಿನ ಅಧ್ಯಾಯಗಳನ್ನು ಅರಬಿ ಹಾಗೂ ಚೀನೀ ಲಿಪಿಗಳಲ್ಲಿ ಕೆತ್ತಲಾಗಿದೆ. ನಮಾಝ್‌ನ ಸಭಾಂಗಣಕ್ಕೆ ಸಾಮಾನ್ಯ ಪ್ರವಾಸಿಗರಿಗೆ ಪ್ರವೇಶವಿಲ್ಲ. ಸಲಾಮ್ ಹೇಳಿ, ನಮಾಝ್‌ಗೆ ಬಂದವರೆಂದು ತಿಳಿಸಿದ ಮುಸ್ಲಿಮರಿಗೆ ಇದೆ.

ಅಲ್ಲಿ ಭಾಷೆ ಬಾರದೆಂದು ಅಂಜಬೇಕಾಗಿಲ್ಲ. ಚೀನೀ ಮುಸ್ಲಿಮರೂ ನಮಾಝ್ ಅನ್ನು ಫಾರ್ಸಿಯಿಂದ ಬಂದ ಅದೇ ಪದದಿಂದ ಕರೆಯುತ್ತಾರೆ. ನಮ್ಮ ಕರಾವಳಿಯಲ್ಲಿ ಅದಾನ್‌ಗೆ ಬಾಂಗ್ ಎನ್ನುತ್ತೇವಲ್ಲ, ಆ ಬಾಂಗ್ ಕೂಡ ಅಲ್ಲಿದೆ. ಮಿನಾರಕ್ಕೆ ಅವರ ಹೆಸರು ‘ಬಾಂಗ್‌ಕೆ ಲೋವ್’, ಅರ್ಥಾತ್ ಬಾಂಗ್ ಕೊಡುವ ಮಹಡಿ! ಅವರು ಹನಫೀ ಮದ್‌ಹಬ್‌ನವರಾದ್ದರಿಂದ ಅಸರ್ ಜಮಾಅತ್ ನಮ್ಮ ಶಾಫಿಈ ಊರುಗಳಿಗಿಂತ ತಡವಾಗಿ ನಡೆಯುತ್ತದೆ. ಶಾಫಿಈ ಕುಟುಂಬಗಳು ಪ್ರಯಾಣದ ರಿಯಾಯಿತಿಯಂತೆ ಝುಹ್ರ್-ಅಸರ್‌ಗಳನ್ನು ಜೋಡಿಸಿ ಮುಗಿಸಬಹುದು. ಹನಫೀಗಳಿಗೆ ಕಡಿತ ಮಾತ್ರ, ಜೋಡಣೆಯಿಲ್ಲ. ಒಂದೇ ತಂಡದಲ್ಲಿ ಎರಡೂ ಕಡೆಯವರಿದ್ದರೆ ಬಸ್ಸಿನಲ್ಲಿ ವಾಗ್ವಾದ ಹೂಡದೆ ಹೊರಡುವ ಮುನ್ನವೇ ಮಾತಾಡಿಕೊಳ್ಳಲಿ.

ಊಟದ ವಿಚಾರಕ್ಕೆ ಬರೋಣ. ಚೀನೀ ಭಾಷೆಯಲ್ಲಿ ಹಲಾಲ್ ಆಹಾರವನ್ನು ‘ಚಿಂಗ್‌ಝೆನ್’ ಎನ್ನುತ್ತಾರೆ. ಪರಿಶುದ್ಧ ಮತ್ತು ಸತ್ಯ ಎಂದು ಅದರ ಅರ್ಥ. ಆ ಎರಡು ಅಕ್ಷರಗಳನ್ನು ದೊಡ್ಡದಾಗಿ ಮುದ್ರಿಸಿದ ಒಂದು ಕಾಗದವನ್ನು ಕುಟುಂಬದ ಪ್ರತಿಯೊಬ್ಬರೂ ಇಟ್ಟುಕೊಳ್ಳಬೇಕು. ಸಸ್ಯಾಹಾರವೆಂದ ಮಾತ್ರಕ್ಕೆ ಸುರಕ್ಷಿತವೆಂದು ತಿಳಿಯಬಾರದು. ತರಕಾರಿಯನ್ನು ಹಂದಿಕೊಬ್ಬಿನಲ್ಲಿ ಬಾಡಿಸುವುದು, ಅಡುಗೆಗೆ ಮದ್ಯ ಸೇರಿಸುವುದು ಅಲ್ಲಿ ಸಾಮಾನ್ಯ. ವಾಯವ್ಯ ಪ್ರಾಂತಗಳ ಮುಸ್ಲಿಮರು ನಡೆಸುವ, ದನದ ಮಾಂಸದ ನೂಡಲ್ಸ್ ಅಂಗಡಿಗಳು ಹೆಚ್ಚುಕಡಿಮೆ ಎಲ್ಲ ನಗರಗಳಲ್ಲಿವೆ. ಶೀಆನ್‌ನಲ್ಲಿ ಗಟ್ಟಿಯಾದ ರೊಟ್ಟಿಯನ್ನು ನಮ್ಮ ಕೈಗೇ ಕೊಡುತ್ತಾರೆ. ಅದನ್ನು ಸಣ್ಣ ಸಣ್ಣ ಚೂರುಗಳಾಗಿ ಮುರಿದು ಬಟ್ಟಲಿಗೆ ಹಾಕಿ ಕೊಟ್ಟರೆ, ಅದರ ಮೇಲೆ ಕುರಿ ಮಾಂಸದ ಬಿಸಿ ಸಾರು ಸುರಿದು ತರುತ್ತಾರೆ. ಮಕ್ಕಳಿಗೆ ಇದೊಂದು ಹಬ್ಬ. ಅಂಗಡಿಗಳಲ್ಲಿ ಹಣ ಕೊಡುವುದು ಹೆಚ್ಚಾಗಿ ಮೊಬೈಲಿನ ಮೂಲಕವೇ ಆದ್ದರಿಂದ ಅಲಿಪೇ ಅಥವಾ ವೀಚಾಟ್‌ಗೆ ನಮ್ಮ ಕಾರ್ಡನ್ನು ಇಲ್ಲಿಂದಲೇ ಜೋಡಿಸಿಕೊಳ್ಳಬೇಕು. ಗೂಗಲ್, ವಾಟ್ಸ್‌ಆ್ಯಪ್ ಅಲ್ಲಿ ನಿರ್ಬಂಧಿತ. ಕಿಬ್ಲಾ ಮತ್ತು ನಮಾಝ್ ವೇಳೆಯ ತಂತ್ರಾಂಶಗಳನ್ನೂ ಮೊದಲೇ ಇಳಿಸಿಕೊಂಡಿರಬೇಕು.

ಅಕ್ಷರಗಳ ಕಾಗದ ಏಕೆ ಬೇಕು, ಅರಬಿಯಲ್ಲಿ ‘ಹಲಾಲ್’ ಎಂದು ಬರೆದ ಫಲಕ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು, ಏಕೆಂದರೆ ಆ ಫಲಕಗಳು ಹಲವೆಡೆ ಈಗ ಇಲ್ಲ. ಬೀಜಿಂಗಿನ ಹಲಾಲ್ ಹೋಟೆಲುಗಳ ಮತ್ತು ಅಂಗಡಿಗಳ ಮೇಲಿದ್ದ ಅರಬಿ ಬರಹ, ಅರ್ಧಚಂದ್ರದ ಗುರುತುಗಳನ್ನು ತೆಗೆಯಲು ಅಧಿಕಾರಿಗಳು 2019ರಲ್ಲಿ ಆಜ್ಞಾಪಿಸಿದರು. ಅದೇ ವರ್ಷದ ಆರಂಭದಲ್ಲಿ ಇಸ್ಲಾಮನ್ನು ‘ಚೀನೀಕರಣ’ಗೊಳಿಸುವ ಪಂಚವಾರ್ಷಿಕ ಯೋಜನೆಗೆ ಅಲ್ಲಿ ಒಪ್ಪಿಗೆ ನೀಡಲಾಗಿತ್ತು. ನಿಂಗ್‌ಶಿಯಾದ ವೈಝೌ ಊರಿನ ಮಹಾ ಮಸೀದಿಯ ಗುಮ್ಮಟಗಳನ್ನು ಉಳಿಸಲು 2018ರ ಆಗಸ್ಟ್‌ನಲ್ಲಿ ಜನರು ಮಸೀದಿಯ ಮುಂದೆ ಕುಳಿತರು. ಕೊನೆಗೂ ಅವು ಉಳಿಯಲಿಲ್ಲ. ಯುನ್ನಾನ್‌ನ ನಾಜಿಯಾಯಿಂಗ್ ಮಸೀದಿಯ ವಿಷಯದಲ್ಲಿ 2023ರ ಮೇ ತಿಂಗಳಲ್ಲಿ ಪೊಲೀಸರಿಗೂ ಜನರಿಗೂ ಘರ್ಷಣೆಯಾಯಿತು. ಅದೇ ಪ್ರಾಂತದ ಶಾದಿಯಾನ್ ಮಹಾ ಮಸೀದಿಯ ಹಸಿರು ಗುಮ್ಮಟದ ಜಾಗದಲ್ಲಿ ಈಗ ಹಂಚಿನ ಮಾಡಿದೆ.

ಇದನ್ನು ಸಮರ್ಥಿಸುವವರು ಶೀಆನ್‌ನ ಮಸೀದಿಯನ್ನೇ ಬೊಟ್ಟುಮಾಡಿ ತೋರಿಸುತ್ತಾರೆ: ನೋಡಿ, ನಿಮ್ಮ ಪೂರ್ವಜರೇ ಚೀನೀ ಶೈಲಿಯಲ್ಲಿ ಕಟ್ಟಿದ್ದರಲ್ಲ! ಹೌದು, ಕಟ್ಟಿದ್ದರು. ಆದರೆ ಅದನ್ನು ಯಾರೂ ಅವರ ಮೇಲೆ ಹೇರಿರಲಿಲ್ಲ. ನೆಲವನ್ನು ತಮ್ಮದೆಂದು ಪ್ರೀತಿಸಿದವರು ನೆಲದ ಮರ, ನೆಲದ ಹಂಚು, ನೆಲದ ಬಡಗಿಯ ಕೈಚಳಕವನ್ನು ಅಲ್ಲಾಹನ ಭವನಕ್ಕೆ ಬಳಸಿಕೊಂಡರು. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಕೆತ್ತನೆಯ ಮರದ ಕಂಬಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಬ್ಬ ವ್ಯಕ್ತಿ ಇಷ್ಟಪಟ್ಟು ನೆರೆಮನೆಯವನ ಭಾಷೆ ಕಲಿಯುವುದಕ್ಕೂ, ಅವನ ನಾಲಿಗೆಯನ್ನು ಹಿಡಿದು ಮಾತೃಭಾಷೆಯನ್ನು ಬಿಡಿಸುವುದಕ್ಕೂ ಇರುವ ಅಂತರವೇ ಶೀಆನ್‌ಗೂ ಶಾದಿಯಾನ್‌ಗೂ ಇರುವ ಅಂತರ. ಹಾಗೆಂದು ಗುಮ್ಮಟವೇ ಇಸ್ಲಾಮ್ ಎಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಊರುಗಳಲ್ಲಿ ಸರಕಾರದ ಯಾವ ಆಜ್ಞೆಯೂ ಇಲ್ಲದೆ, ನಾವೇ ಚಂದಾ ಎತ್ತಿ, ನೂರಾರು ವರ್ಷಗಳ ಹಳೆಯ ಮರದ ಮಸೀದಿಗಳನ್ನು ಕೆಡವಿ ಸಿಮೆಂಟಿನ ಗುಮ್ಮಟ ಎಬ್ಬಿಸಿದ್ದೇವೆ. ಕೊಲ್ಲಿಯ ದುಡ್ಡು ಬಂದ ಮೇಲೆ ಮಾಡಿದ ಈ ಪರಾಕ್ರಮದ ಬಗ್ಗೆ ಬೇರೆಯೇ ಬರೆಯಬೇಕಾದೀತು.

ಇದಕ್ಕಿಂತ ಘೋರವಾದದ್ದು ಶಿಂಜಿಯಾಂಗ್‌ನ ಸ್ಥಿತಿ. 2020ರ ಜನಗಣತಿಯಂತೆ ಚೀನಾದಲ್ಲಿ ಹುಯಿ ಮುಸ್ಲಿಮರು ಸುಮಾರು 1.14 ಕೋಟಿ, ಉಯಿಘರ್ ಮುಸ್ಲಿಮರು ಸುಮಾರು 1.18 ಕೋಟಿ. 2017ರಿಂದ ಉಯಿಘರರನ್ನೂ ಇತರ ಮುಸ್ಲಿಮರನ್ನೂ ಸಾಮೂಹಿಕವಾಗಿ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಸಂಖ್ಯೆ ಹತ್ತು ಲಕ್ಷವನ್ನು ಮುಟ್ಟಿತ್ತೆಂಬ ಅಂದಾಜುಗಳಿವೆ. ಇವು ವೃತ್ತಿ ತರಬೇತಿ ಕೇಂದ್ರಗಳೆಂದ ಚೀನಾ ಸರಕಾರ, ಎಲ್ಲರೂ ತರಬೇತಿ ಮುಗಿಸಿದ್ದಾರೆಂದು 2019ರ ಕೊನೆಗೆ ಘೋಷಿಸಿತು. ಆದರೆ ಅಲ್ಲಿ ನಡೆದುದು ಮಾನವೀಯತೆಯ ವಿರುದ್ಧದ ಅಪರಾಧವಾಗಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2022ರ ಆಗಸ್ಟ್ 31ರ ವರದಿಯಲ್ಲಿ ಹೇಳಿದೆ. ಅಮೆರಿಕಕ್ಕೆ ಈ ವಿಷಯದಲ್ಲಿ ತನ್ನದೇ ಲೆಕ್ಕಾಚಾರವಿದೆಯೆಂಬುದು ನಿಜ. ಇರಾಕ್, ಅಫ್ಘಾನಿಸ್ತಾನಗಳನ್ನು ಧ್ವಂಸ ಮಾಡಿದವರ, ಗಾಝಾದ ಮೇಲೆ ಬೀಳುವ ಬಾಂಬುಗಳನ್ನು ಪೂರೈಸಿದವರ ಕಣ್ಣೀರನ್ನು ನಂಬುವುದು ಕಷ್ಟ. ಆದರೆ ನೋವುಂಡವರ ನೋವು ಅದರಿಂದ ಸುಳ್ಳಾಗುತ್ತದೆಯೇ? 2019ರ ಜುಲೈಯಲ್ಲಿ ಚೀನಾದ ಶಿಂಜಿಯಾಂಗ್ ನೀತಿಯನ್ನು ಹೊಗಳಿ ವಿಶ್ವಸಂಸ್ಥೆಗೆ ಪತ್ರ ಬರೆದ 37 ದೇಶಗಳಲ್ಲಿ ಸೌದಿ ಅರೇಬಿಯ ಮತ್ತು ಪಾಕಿಸ್ತಾನಗಳೂ ಇದ್ದವು. 2022ರ ಅಕ್ಟೋಬರ್‌ನಲ್ಲಿ, ಆ ವರದಿಯ ಬಗ್ಗೆ ಬರಿಯ ಒಂದು ಚರ್ಚೆಯಾಗಲಿ ಎಂಬ ಪ್ರಸ್ತಾಪವೂ ಮಾನವ ಹಕ್ಕು ಮಂಡಳಿಯಲ್ಲಿ 17-19 ಮತಗಳಿಂದ ಸೋತಿತು. ವಿರೋಧಿಸಿದವರಲ್ಲಿ ಪಾಕಿಸ್ತಾನ, ಇಂಡೋನೇಶ್ಯ, ಖತರ್, ಯುಎಇಗಳಿದ್ದವು. ಭಾರತ ತಟಸ್ಥವಾಗಿ ಉಳಿಯಿತು. ಫೆಲೆಸ್ತೀನ್‌ನ ಬಗ್ಗೆ ಜುಮಾ ನಂತರ ಗದ್ಗದಿತರಾಗಿ ದುಆ ಮಾಡುವ ನಮ್ಮ ಮಸೀದಿಗಳಲ್ಲೂ ಉಯಿಘರರ ಹೆಸರು ಕೇಳಿಸುವುದು ಅಪರೂಪ. ಅನ್ಯಾಯ ಮಾಡುವವನು ಯಾರ ಮಿತ್ರ, ಯಾರ ಶತ್ರು ಎಂಬುದನ್ನು ನೋಡಿ ಮರುಗುವ ಅಭ್ಯಾಸ ನಮಗೂ ಅಂಟಿಕೊಂಡಿದೆ.

ಹಾಗಾದರೆ ಚೀನಾಕ್ಕೆ ಹೋಗುವುದೇ ಬೇಡವೇ? ಬಹಿಷ್ಕಾರ ಬೇಕೆನ್ನುವವರ ವಾದದಲ್ಲಿ ತೂಕವಿದೆ. ಆದರೆ ಶೀಆನ್‌ನ ರೊಟ್ಟಿ ಅಂಗಡಿಯ ಮಾಲೀಕನಿಗೆ, ಕೈಫೆಂಗ್‌ನ ಮಸೀದಿಯ ವೃದ್ಧೆಗೆ ಹೊರದೇಶದ ಮುಸ್ಲಿಮರು ಬಂದು ಸಲಾಮ್ ಹೇಳುವುದರಿಂದ ದೊರೆಯುವ ಬಲವನ್ನು ಬಹಿಷ್ಕಾರ ಕೊಡಲಾರದು. ಹೋಗಬೇಕು, ಆದರೆ ಎಚ್ಚರದಿಂದ. ವಿದೇಶೀಯರು ನೋಂದಾಯಿತ ಮಸೀದಿಗಳಲ್ಲಿ ನಮಾಝ್ ಮಾಡಲು ಅಡ್ಡಿಯಿಲ್ಲ. ಧರ್ಮಪ್ರಚಾರ ಮಾಡುವುದು, ಧಾರ್ಮಿಕ ಪುಸ್ತಕಗಳನ್ನು ಹಂಚುವುದು ನಿಷಿದ್ಧ. 2025ರ ಮೇ 1ರಿಂದ ಈ ಬಗ್ಗೆ ಇನ್ನಷ್ಟು ವಿವರವಾದ ನಿಯಮಗಳು ಜಾರಿಯಲ್ಲಿವೆ. ಸ್ವಂತ ಓದಿಗೆ ಒಂದು ಮುಸ್‌ಹಫ್ ಇರಲಿ, ಉಡುಗೊರೆಗೆಂದು ಕಟ್ಟುಗಟ್ಟಲೆ ಬೇಡ. ತಪ್ಪು ಮಾಡಿದ ಪ್ರವಾಸಿ ಗಡೀಪಾರಾಗಬಹುದು. ಅವನೊಂದಿಗೆ ಮಾತಾಡಿದ ಸ್ಥಳೀಯನಿಗೆ ಏನಾದೀತೆಂದು ಹೇಳಲಾಗದು. ಆದ್ದರಿಂದ ಅಲ್ಲಿನ ಇಮಾಮರಲ್ಲಿ ಸರಕಾರದ ಬಗ್ಗೆ ಪ್ರಶ್ನೆ ಕೇಳುವುದು, ಅಂಗಡಿಯ ಹುಡುಗನಲ್ಲಿ ನೀನು ಕುರ್‌ಆನ್ ಎಲ್ಲಿ ಕಲಿಯುತ್ತೀ ಎಂದು ವಿಚಾರಿಸುವುದು, ನಮಾಝ್‌ನಲ್ಲಿರುವವರ ಮುಖದ ಚಿತ್ರ ತೆಗೆದು ಇಲ್ಲಿನ ಗುಂಪುಗಳಿಗೆ ಕಳುಹಿಸುವುದು- ಇವೆಲ್ಲ ಕಾಳಜಿಯಂತೆ ತೋರಿದರೂ ಅವರ ಪಾಲಿಗೆ ಅಪಾಯ. ಅವರಾಗಿ ಹೇಳಿದ್ದನ್ನು ಕೇಳಬೇಕು. ಹೇಳದಿದ್ದುದನ್ನು ಅರ್ಥಮಾಡಿಕೊಳ್ಳಬೇಕು.

ಬೀಜಿಂಗ್ ಕೊನೆಗೆ. ನಿಯುಜಿಯೆ ಮಸೀದಿಯ ಮೂಲ ಕ್ರಿ.ಶ. 996ರದ್ದೆನ್ನುತ್ತಾರೆ. ಅಂಗಳದಲ್ಲಿ ಯುವಾನ್ ಕಾಲದಲ್ಲಿ ಪಶ್ಚಿಮದಿಂದ ಬಂದ ಇಬ್ಬರು ವಿದ್ವಾಂಸರ ಗೋರಿಗಳಿವೆ. ಹೆಬ್ಬಾಗಿಲ ಬಳಿ ಆರು ಮೂಲೆಗಳ ಚಂದ್ರದರ್ಶನದ ಗೋಪುರವಿದೆ. ಪ್ರತಿ ರಮಝಾನ್‌ನಲ್ಲೂ ಒಂದೇ ಊರಿನಲ್ಲಿ ಎರಡು ಈದ್ ಆಚರಿಸುವ ನಮ್ಮವರು ಅದರ ಮುಂದೆ ಫೋಟೋ ತೆಗೆಸಿಕೊಳ್ಳಲು ಮರೆಯದಿರಲಿ.

ಮಲೇಶ್ಯ, ಇಂಡೋನೇಶ್ಯಗಳ ಮುಸ್ಲಿಮ್ ಪ್ರವಾಸಿ ತಂಡಗಳನ್ನು ಈಗೀಗ ಶಿಂಜಿಯಾಂಗ್‌ಗೂ ಕರೆದೊಯ್ಯಲಾಗುತ್ತಿದೆ. ನಮ್ಮ ಟ್ರಾವೆಲ್ಸ್‌ನವರು ನಾಳೆ ಕಾಶ್ಗರ್ ಅನ್ನು ಪಟ್ಟಿಗೆ ಸೇರಿಸಿದರೆ ಆಶ್ಚರ್ಯವಿಲ್ಲ. ಸಹೋದರರನ್ನು ಅವರ ಕಷ್ಟದ ಹೊತ್ತಿನಲ್ಲಿ ಭೇಟಿಯಾಗುವುದು ಪುಣ್ಯವಲ್ಲವೇ ಎಂದು ಕೇಳಲೂಬಹುದು. ಭೇಟಿಯಾಗಲು ಸಾಧ್ಯವಿದ್ದರೆ ಅದು ಪುಣ್ಯವೇ. ಆದರೆ ಮಾರ್ಗದರ್ಶಿ ತೋರಿಸಿದ ಬೀದಿಯಲ್ಲಿ ನಡೆದು, ನೃತ್ಯ ನೋಡಿ, ಈದ್‌ಗಾಹ್ ಮಸೀದಿಯ ಮುಂದೆ ನಗುತ್ತಾ ನಿಂತ ಮುಸ್ಲಿಮ್ ಕುಟುಂಬದ ಚಿತ್ರವು ಯಾರಿಗೆ ಸಾಕ್ಷ್ಯವಾಗುವುದೆಂದು ಯೋಚಿಸಬೇಕು. ಹೊರದೇಶದವರೊಂದಿಗೆ ಸಂಪರ್ಕವಿದ್ದುದೇ ಅಲ್ಲಿ ಅನೇಕರ ಬಂಧನಕ್ಕೆ ಕಾರಣವಾಗಿತ್ತು. ಆದ್ದರಿಂದ ಮುಂಗಡ ಹಣ ಕೊಡುವ ಮುನ್ನ ಪಟ್ಟಿಯನ್ನು ಓದಿ, ಕಾಶ್ಗರ್ ಇದ್ದರೆ ಅದನ್ನು ಕೈಬಿಟ್ಟು ಆ ದಿನಗಳನ್ನು ಕೈಫೆಂಗ್‌ಗೆ ಕೊಡಿರೆಂದು ಕೇಳಬೇಕು. ದೂರದ ವಿಮಾನದ ಖರ್ಚು ಉಳಿಯುವುದರಿಂದ ಟ್ರಾವೆಲ್ಸ್‌ನವರೂ ಒಪ್ಪಿಯಾರು.